ಜೀವಕೋಶಗಳ ಪಾರಣೆ

ಊಟವಿಲ್ಲದೆ ಇಟ್ಟ ಜೀವಕೋಶದ ಮೈಮೇಲೆ ಒಂದೇ ಒಂದು ಸಣ್ಣ ಕೂದಲು ಮೂಡುತ್ತದೆ ಎಂದು ನಾನು ಹೇಳಿದಾಗ ಪ್ರೊಫೆಸರ್ ನಂಬಲಿಲ್ಲ. "ಶುಕ್ರವಾರ ತೋರಿಸು. ಕಾಣದಿದ್ದರೆ ಈ ಕೆಲಸ ಸಾಕು," ಎಂದರು.

ಶುಕ್ರವಾರ ಮಧ್ಯಾಹ್ನ ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಕೂದಲೂ ಇರಲಿಲ್ಲ. ಪಕ್ಕದ ಮೇಜಿನ ಸಬ್ನಿಸ್ ಸಿಳ್ಳೆ ಹಾಕುತ್ತಿದ್ದ. ಆ ಬೆಳಿಗ್ಗೆ ನನ್ನ ಲೋಕಲ್ ರೈಲು ತಡವಾಗಿತ್ತು, ಅವನು ಬೇಗ ಬಂದಿದ್ದ. ಕೋಶಗಳಿದ್ದ ತಟ್ಟೆಗಳನ್ನು ಅವನೇ ಮುಟ್ಟಿರಬೇಕು. ಅವನ ಕೈಗಳನ್ನೇ ನೋಡುತ್ತ ಕುಳಿತೆ.

"ಏನ್ರೀ ಅಂಬುಜಾ, ಕೂದ್ಲಾ ಉದುರಿದ್ವೇನು? ಎಣ್ಣಿ ಹಚ್ಚ್ರಿ!" ಎಂದ. ನನ್ನ ಅನುಮಾನ ಗಟ್ಟಿಯಾಯಿತು.

ಆಗ ಗಾಜಿನ ಸಾಮಾನು ತೊಳೆಯುವ ರುಕ್ಮಿಣಿಬಾಯಿ ಹತ್ತಿರ ಬಂದರು. ಅವರು ಪಂಢರಪುರದ ವಿಠಲನ ಭಕ್ತರು.

"ತಂಗಿ, ಅವು ಉಪವಾಸ ಅದಾವ ಅಂತ ನೀನ ಹೇಳಿದ್ದಿ. ನಿನ್ನಿ ಆಷಾಢ ಏಕಾದಶಿ ಮುಗೀತು. ಇವತ್ತ ಪಾರಣಿ ಬ್ಯಾಡೇನು? ಮುಂಜಾನೆ ನಾನ ಸೀರಮ್ ಹಾಕೇನಿ. ಮೂಲ್ಯಾಗಿನ ತಟ್ಟಿಗಿ ಮಾತ್ರ ಸಾಲಲಿಲ್ಲ ನೋಡವಾ."

ಸೀರಮ್ ಎಂದರೆ ಕೋಶಗಳ ಊಟ. ಮೂಲೆಯ ತಟ್ಟೆಗೂ ಬಣ್ಣ ಹಾಕಿದೆ. ಅಲ್ಲಿ ಹಸಿದ ಕೋಶಗಳೆಲ್ಲ ಒಂದೊಂದು ಕೂದಲು ಚಾಚಿ ನಿಂತಿದ್ದವು. ಉಂಡವು ಮಾತ್ರ ಬೆಳೆಯುವ ಸೂಚನೆ ಸಿಕ್ಕಿದೊಡನೆ ಅದನ್ನು ಒಳಗೆಳೆದುಕೊಂಡಿದ್ದವು.

ಪ್ರೊಫೆಸರ್ ಉಂಡ, ಹಸಿದ ಎರಡೂ ತಟ್ಟೆಗಳನ್ನು ನೋಡಿದರು. "ಇನ್ನೊಮ್ಮೆ ಮಾಡು. ಈ ಸಲ ಊಟ ನಾನೇ ಹಾಕುತ್ತೇನೆ," ಎಂದರು. ತಟ್ಟೆಗಳಲ್ಲಿ ನಾನೇ ಕೈಯಾಡಿಸಿರಬಹುದೆಂದು ಅವರ ಅನುಮಾನ ಈಗ ನನ್ನ ಮೇಲಿತ್ತು.

ಕೆಲಸ ಉಳಿಯಿತು. ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿ ಹೊಸ ತಟ್ಟೆಗಳನ್ನಿಟ್ಟು ಬೀಗ ಹಾಕಿದೆ. ಸಬ್ನಿಸ್ ಮತ್ತೆ ಸಿಳ್ಳೆ ಹಾಕಿದ. ತಿರುಗಿ ಬಂದು ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದೆ.