ನಾಲ್ಕನೇ ಜ್ವರದ ನಿದ್ದೆ

ಮಾಗಿಯ ಚಳಿ, ಕೋಳಿ ಕೂಗುವ ಹೊತ್ತು. ಪಕ್ಕದ ಮನೆ ಗಂಗಲಕ್ಷ್ಮಮ್ಮನ ಉಬ್ಬಸ ಗೋಡೆಯಾಚೆಗೂ ಕೇಳತೊಡಗಿದ್ದು ಆಗ. ನಮ್ಮೆರಡು ಮನೆಗೂ ಇರುವುದು ಒಂದೇ ಗೋಡೆ. ಕಾಯಿಲೆ ಚಿಕ್ಕಂದಿನದೇ, ಆದರೆ ಆ ವರ್ಷ ಸೇದುವ ಮದ್ದಿಗೂ ಬಗ್ಗಲಿಲ್ಲ.

ದೇವನಹಳ್ಳಿಯ ಡಾಕ್ಟರು ಊಟದ ವಿಷಯ ಕೇಳಲಿಲ್ಲವಂತೆ, ನಿದ್ದೆಯ ವಿಷಯ ಕೇಳಿದರಂತೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ರಾತ್ರಿ ಏಳುತ್ತೇನೆ, ಬೆಳಗಿನ ಜಾವ ಮತ್ತೆ ಏಳುತ್ತೇನೆ ಎಂದಳು ಇವಳು. ನಿದ್ದೆ ಕೆಟ್ಟರೆ ಉಸಿರು ಬಿಗಿಯುತ್ತದೆ, ಉಸಿರು ಬಿಗಿದರೆ ನಿದ್ದೆ ಕೆಡುತ್ತದೆ. ಹುಳದ ಮನೆಯ ಧೂಳಿಗೆ ಹೋಗಬೇಡ, ಮದ್ದು ಬಿಡಬೇಡ, ನಿದ್ದೆಯೂ ಮದ್ದೇ ಅಂದುಕೋ ಎಂದು ಕಳಿಸಿದರು.

ಗಂಡ ಅಪ್ಪಯ್ಯಣ್ಣ ಕೆಟ್ಟವನಲ್ಲ. ಮದ್ದು ತಪ್ಪದಂತೆ ತಂದುಕೊಟ್ಟ. ಆದರೆ ಹಗಲು ಮಲಗಿದರೆ ಕಫ ಕಟ್ಟುತ್ತದೆ ಎಂಬುದು ಅವನ ತಾಯಿ ಹೇಳಿಹೋದ ಮಾತು. ಅವಳು ಮಧ್ಯಾಹ್ನ ಕಣ್ಣು ಮುಚ್ಚಿದಾಗಲೆಲ್ಲ ಪ್ರೀತಿಯಿಂದಲೇ ಎಬ್ಬಿಸುತ್ತಿದ್ದ. ರಾತ್ರಿ ಎಬ್ಬಿಸಲು ಸೊಪ್ಪು ಇದ್ದೇ ಇತ್ತು.

ಹುಳದ ವಿಷಯ ಬೇರೆ. ಪೊರೆ ಬಿಡುವ ಮುಂಚೆ ಹುಳ ತಿನ್ನುವುದು ಬಿಟ್ಟು, ತಲೆಯೆತ್ತಿ ನಿದ್ದೆಗೆ ಕೂರುತ್ತದೆ. ಹೀಗೆ ನಾಲ್ಕು ಸಲ. ಅದನ್ನು ನಾವು ಜ್ವರ ಅನ್ನುತ್ತೇವೆ. ಆಗ ಅಲುಗಿಸಬಾರದು. ನಾಲ್ಕನೇ ಜ್ವರಕ್ಕೆ ಕೂತ ದಿನ ಅಪ್ಪಯ್ಯಣ್ಣ ಅಂಗಳದಲ್ಲೂ ಬರಿಗಾಲಲ್ಲಿ ನಡೆದ. ಬೈಲಪ್ಪನ ಟ್ರ್ಯಾಕ್ಟರನ್ನು ಹಿಂದಿನ ದಾರಿಗೆ ತಿರುಗಿಸಿದ. ನೆತ್ತಿಯ ಮೇಲೆ ಹೋದ ವಿಮಾನವನ್ನೂ ಗುರಾಯಿಸಿದ.

ಅಷ್ಟರಲ್ಲಿ ಹುಳದ ಮನೆ ಬಾಗಿಲಲ್ಲಿ ಹೆಂಡತಿ ಕೆಮ್ಮಿದಳು.

"ಮೆಲ್ಲುಕ್ ಕೆಮ್ಮೇ, ಹುಳ ಮಲ್ಗವೆ" ಎಂದ.

ಅವಳು ಬಂದು ನಮ್ಮ ಜಗಲಿಯ ಮೇಲೆ ಕೂತಳು.

"ಹುಳ ಆಗಿ ಹುಟ್ಬೇಕಿತ್ತು ಕಣಣ್ಣ."

"ಹುಳಾನ ಬೇಯಿಸ್ತಾರಲ್ಲಮ್ಮ" ಎಂದೆ.

ಉತ್ತರಕ್ಕೆ ಉಸಿರು ಕೂಡಿಸಿಕೊಳ್ಳಬೇಕಾಯಿತು. "ಅದುಕ್ ಮುಂಚೆ ನಾಕ್ ಸಲ ಮಲ್ಗಕ್ ಬಿಡ್ತಾರೆ."

ಆ ಸಂಜೆ ಮಗಳು ಚೈತ್ರ ಹೊಸಕೋಟೆಯಿಂದ ಬಂದಳು, ತಾಯಿಯ ಎದೆ ಏರಿಳಿಯುವುದನ್ನು ನೋಡಿ ಕರೆದುಕೊಂಡು ಹೋಗುತ್ತೇನೆ ಎಂದಳು. ಅವಳ ಮನೆ ದೊಡ್ಡ ರಸ್ತೆಗೆ ಅಂಟಿಕೊಂಡಿದೆ. ಆ ಲಾರಿ ಹಾರನ್ನಿನಲ್ಲಿ ಪಾಪ ಇವಳಿಗೆ ನಿದ್ದೆ ಹೇಗೆ ಬರುತ್ತದೆ ಎಂದು ಅಪ್ಪಯ್ಯಣ್ಣ ನಿಜವಾಗಿಯೂ ಕಳವಳಪಟ್ಟ.

"ಲಾರಿಯವ್ರು ಹೆಸ್ರಿಡಿದು ಕೂಗಲ್ಲಪ್ಪ" ಎಂದಳು ಚೈತ್ರ.

ಅವನು ತಡೆಯಲಿಲ್ಲ. ಹುಳ ಏಳುವವರೆಗೆ ಪೆಟ್ಟಿಗೆ ಎಳೆದಾಡಬೇಡಿ, ಸದ್ದಾಗುತ್ತದೆ ಎಂದಷ್ಟೇ ಕೇಳಿಕೊಂಡ.

ನಾಲ್ಕನೇ ಜ್ವರ ಬಿಟ್ಟೆದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಪ್ಪಯ್ಯಣ್ಣ ಒಬ್ಬನೇ ರಾತ್ರಿಯೆಲ್ಲ ಹಾಕಿ, ಮಧ್ಯಾಹ್ನ ಜಗಲಿಯ ಮೇಲೆ ಬಾಯಿ ತೆರೆದು ಮಲಗಿರುತ್ತಿದ್ದ. ಕಫದ ಮಾತು ನಾನೆತ್ತಲಿಲ್ಲ, ಎಬ್ಬಿಸಲೂ ಇಲ್ಲ. ಅಮ್ಮ ಲಾರಿ ಸದ್ದಿನಲ್ಲೇ ಬೆಳಗಿನವರೆಗೂ ಮಲಗುತ್ತಾಳೆ, ಉಸಿರು ಇಳಿದಿದೆ ಎಂದು ಚೈತ್ರ ಫೋನಿನಲ್ಲಿ ಹೇಳಿದಳು. ಗೋಡೆಯಾಚೆ ಈಗ ಕೇಳುವುದು ಹುಳ ಸೊಪ್ಪು ಮೇಯುವ ಸದ್ದೊಂದೇ.

ಗಂಗಲಕ್ಷ್ಮಮ್ಮ ಮಗಳ ಜೊತೆ ಹೊಸಕೋಟೆಗೆ ಹೊರಟದ್ದು ಹುಳ ಎದ್ದ ದಿನವೇ, ಗುರುವಾರ.