ಬೇಡ ಎನ್ನಲು ಬಾರದ ಅತ್ತೆ

ಅರ್ಧ ವಾಕ್ಯಕ್ಕೆ ಕಂಪ್ಯೂಟರ್ ಮತ್ತೆ ನಿಂತುಬಿಟ್ಟಿತು. ಅತ್ತೆ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟುಕೊಂಡು, ಗಿರಗಿರ ತಿರುಗುವ ಚಕ್ರವನ್ನೇ ನೋಡುತ್ತ ಕೂತರು. ಹೊರಗಿನ ಸದ್ದು ನುಸುಳದಿರಲೆಂದು ಆ ಪುಟ್ಟ ಕೋಣೆಯ ಗೋಡೆಗಳಿಗೆ ಹಳೆಯ ಕಂಬಳಿಗಳನ್ನು ಇಳಿಬಿಟ್ಟಿದ್ದರು. ಕಣ್ಣು ಕಾಣದ ಮಕ್ಕಳ ಶಾಲೆಗೆ ಪಾಠಗಳನ್ನು ಓದಿ ರೆಕಾರ್ಡ್ ಮಾಡಿ ಕೊಡುವುದು ಅವರ ಕೆಲಸ. ಪರೀಕ್ಷೆ ಹತ್ತಿರ ಬಂದಿತ್ತು. ವಿಜ್ಞಾನದ ಪುಸ್ತಕ ಇನ್ನೂ ಅರ್ಧದಲ್ಲೇ ಇತ್ತು.

"ಇಷ್ಟೊಂದು ಸಾಫ್ಟ್‌ವೇರ್ ಯಾಕತ್ತೆ ತುಂಬ್ಕೊಂಡಿದೀರ? ಬೇಡದ್ದನ್ನ ತೆಗೀಬಾರದಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ.

"ತೆಗೆಯೋಕೆ ಹೋಗಿದ್ದೆ ಕಣಮ್ಮ. 'ನಮ್ಮನ್ನು ಬಿಟ್ಟು ಹೋಗುತ್ತಿದ್ದೀರಾ? ನಮ್ಮಿಂದ ಏನಾದರೂ ತಪ್ಪಾಯಿತೇ?' ಅಂತ ಕೇಳ್ತು. ಪಾಪ, ಅಷ್ಟು ಮರ್ಯಾದೆಯಿಂದ ಕೇಳಿದ್ಮೇಲೆ ಮುಖಕ್ಕೆ ಹೊಡೆದ ಹಾಗೆ ಹೂಂ ಅನ್ನೋಕಾಗುತ್ತಾ? ಇರ್ಲಿ ಬಿಡು ಅಂತ ಒತ್ತಿದೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ಬಾಗಿಲಿಗೆ ಪೊರಕೆ ಮಾರುವವನು ಬಂದರೂ ಅತ್ತೆಯದು ಇದೇ ಕಥೆ. ಆ ಮನೆಯಲ್ಲಿ ಗುಡಿಸುವ ಕೈಗಳಿಗಿಂತ ಪೊರಕೆಗಳೇ ಹೆಚ್ಚು. ಆದರೆ ನಗು ಮುಗಿಯುತ್ತಲೇ ಎಂದಿನ ಸಣ್ಣ ನೋವು ಚುಚ್ಚಿತು. ಮದುವೆಯಾಗಿ ಬಂದಾಗಿನಿಂದ ಅತ್ತೆ ಅವಳಿಗೂ ಒಮ್ಮೆಯೂ ಬೇಡ ಎಂದವರಲ್ಲ. ಅಡುಗೆ ಚೆನ್ನಾಗಿದೆ, ಕಿಟಕಿ ಪರದೆಯ ಬಣ್ಣ ಚೆನ್ನಾಗಿದೆ, ಎಲ್ಲವೂ ಚೆನ್ನಾಗಿದೆ. ಮಗನನ್ನಾದರೆ ಒದ್ದೆ ಟವೆಲ್ಲಿಗೂ ಚಪ್ಪಲಿಗೂ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಇವಳಿಗೆ ಹೊಟ್ಟೆಕಿಚ್ಚು. ತನಗೂ ಹಾಗೆ ಒಂದು ಮಾತು ಬೀಳುವವರೆಗೆ ತಾನು ಈ ಮನೆಗೆ ಬಂದ ಅತಿಥಿಯೇ ಎನಿಸುತ್ತಿತ್ತು.

ಅವಳ ಕೆಲಸವೂ ಸಾಫ್ಟ್‌ವೇರಿನದೇ. ಬೇಡದ್ದನ್ನು ಕಂಪ್ಯೂಟರಿನಿಂದ ಸುಲಭವಾಗಿ ತೆಗೆಯುವ ದಾರಿಯೊಂದನ್ನು ಅವಳ ತಂಡ ಆಗ ಮಾಡುತ್ತಿತ್ತು. "ಒಂದು ಪ್ರಶ್ನೆಯಾದ್ರೂ ಇರ್ಲಮ್ಮ. ಜನ ಕೈತಪ್ಪಿ ಒತ್ತಿಬಿಟ್ರೆ?" ಎಂದು ತಂಡದ ಹಿರಿಯರು ಹಟ ಹಿಡಿದಿದ್ದರು.

"ಕೈತಪ್ಪಿದ್ರೆ ವಾಪಸ್ ತರೋಕೆ ಒಂದು ಬಟನ್ ಕೊಡೋಣ ಸರ್. ಪ್ರಶ್ನೆ ಕೇಳಿದ್ರೆ ಮಾತ್ರ ನಮ್ಮತ್ತೆ ಕಥೆ ಮುಗೀತು," ಎಂದು ಮರುದಿನ ಆಫೀಸಿನಲ್ಲಿ ಅವಳು ಮನೆಯಲ್ಲಿ ನಡೆದದ್ದನ್ನು ಹೇಳಿದಳು. ಎಲ್ಲರೂ ನಕ್ಕರು. ಕೊನೆಗೆ ಹಿರಿಯರೂ ನಕ್ಕು, ಪ್ರಶ್ನೆಯನ್ನು ಕೈಬಿಟ್ಟರು.

ಭಾನುವಾರ ಆ ಹೊಸ ಏರ್ಪಾಡನ್ನು ಅತ್ತೆಯ ಕಂಪ್ಯೂಟರಿಗೆ ಹಾಕಿ ತೋರಿಸಿದಳು. ಐಕಾನಿನ ಮೇಲೆ ಮೌಸಿನ ಬಲಗುಂಡಿ ಒತ್ತಬೇಕು, ‘ತೆಗೆದುಹಾಕಿ’ ಎನ್ನುವುದನ್ನು ಆರಿಸಬೇಕು, ಅಷ್ಟೇ.

"ಏನೂ ಕೇಳಲ್ವಾ ಇದು?"

"ಕಮಕ್ ಕಿಮಕ್ ಅನ್ನಲ್ಲ."

"ಯಾರಿಗೂ ಬೇಜಾರಾಗಲ್ಲ ತಾನೆ?"

"ಯಾರಿಗೂ ಇಲ್ಲ. ನೀವು ತೆಗೀತಾ ಇರಿ, ಚಹಾ ತರ್ತೀನಿ."

ಲೋಟಗಳನ್ನು ಹಿಡಿದು ಅವಳು ಮರಳಿದಾಗ ಅತ್ತೆಯ ಬೆನ್ನು ಬಾಗಿಲ ಕಡೆಗಿತ್ತು. ಮೌಸಿನ ಬಾಣ ಆಟಗಳನ್ನು ದಾಟಿತು, ಹವಾಮಾನ ಹೇಳುವುದನ್ನು ದಾಟಿತು, ಮೂಲೆಯ ನೀಲಿ ಐಕಾನಿನ ಮೇಲೆ ನಿಂತಿತು. ಅದು ಸೊಸೆಯೇ ಬರೆದದ್ದು. ಮದುವೆಯಾದ ಹೊಸದರಲ್ಲಿ ರಜೆಯನ್ನೆಲ್ಲ ಅದಕ್ಕೇ ಸುರಿದು, ಅತ್ತೆಗೆ ಉಡುಗೊರೆ ಕೊಟ್ಟಿದ್ದಳು. ಓದುವಾಗಿನ ಕೆಮ್ಮು, ಕುರ್ಚಿಯ ಕಿರುಗುಟ್ಟು, ಉಸಿರಿನ ಸದ್ದು ಎಲ್ಲವನ್ನೂ ಅದು ಅಳಿಸಿ ಧ್ವನಿಯನ್ನು ಚೊಕ್ಕ ಮಾಡುತ್ತಿತ್ತು. ಆಗಲೂ ಅತ್ತೆ ಚೆನ್ನಾಗಿದೆ ಎಂದಿದ್ದರು.

ಅತ್ತೆ ಒತ್ತಿದರು. ಎಲ್ಲಕ್ಕಿಂತ ಮೊದಲು ನೀಲಿ ಐಕಾನ್ ಮಾಯವಾಯಿತು.

"ಅತ್ತೆ," ಎಂದಳು ಸೊಸೆ.

ಅತ್ತೆ ಬೆಚ್ಚಿ ತಿರುಗಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಮುಖ ಸಣ್ಣದಾಯಿತು. "ಅಯ್ಯೋ, ಕೈತಪ್ಪಿ... ಇರು, ವಾಪಸ್ ತರ್ತೀನಿ."

ಸೊಸೆ ಲೋಟಗಳನ್ನು ಕೆಳಗಿಟ್ಟು ಆ ಕೈ ಹಿಡಿದುಕೊಂಡಳು. "ಕೈತಪ್ಪಿಲ್ಲ. ಯಾಕೆ ಅಂತ ಹೇಳಿ."

ಅತ್ತೆ ಇನ್ನೊಂದು ಕೈಯಿಂದ ಗೋಡೆಯ ಕಂಬಳಿಯ ಅಂಚನ್ನು ನೇರ ಮಾಡಿದರು. "ಮಕ್ಕಳು ಕೇಳಿದ್ರು ಕಣಮ್ಮ, ಅಜ್ಜಿ ಈಗ ಉಸಿರೇ ಆಡಲ್ವಾ ಅಂತ. ನಾನು ಉಸಿರು ತಗೊಂಡ್ರೆ ಮುಂದಿನ ಸಾಲು ಬರ್ತಿದೆ ಅಂತ ಅವರಿಗೆ ಗೊತ್ತಾಗ್ತಿತ್ತಂತೆ. ಈಗ ಪಕ್ಕದಲ್ಲಿ ಯಾರೂ ಕೂತಿಲ್ಲ ಅನ್ಸುತ್ತಂತೆ."

"ಇಷ್ಟು ದಿನ ನನಗೆ ಹೇಳಲೇ ಇಲ್ವಲ್ಲ?"

"ನೀನು ಅಷ್ಟು ಕಷ್ಟಪಟ್ಟು ಮಾಡಿದ್ದು. ಹೇಗೆ ಹೇಳೋದು?"

ಸೊಸೆಗೆ ನೋವಾಯಿತು, ಸುಳ್ಳೇಕೆ. ಆದರೆ ಆ ನೋವಿನ ಜೊತೆಗೇ ಏನೋ ಹಗುರವಾದ ಹಾಗೆಯೂ ಆಯಿತು. ಅತ್ತೆಯ ಕೈಯನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.

"ಹಾಗಾದ್ರೆ ನಾನು ಮಾಡೋ ಅಡುಗೆ?"

ಅತ್ತೆ ಅವಳ ಮುಖ ನೋಡಿದರು, ಬಾಗಿಲು ನೋಡಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

"ಉಪ್ಪು," ಎಂದರು ಮೆಲ್ಲಗೆ. "ಸ್ವಲ್ಪ ಜಾಸ್ತಿ. ಮೊದಲಿಂದಲೂ."

ಸೊಸೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಇಬ್ಬರೂ ಸೇರಿ, ತಪ್ಪಾಯಿತೇ ಎಂದು ಕೇಳಿದ್ದ ಆ ಮರ್ಯಾದಸ್ತ ಸಾಫ್ಟ್‌ವೇರನ್ನೂ ಉಳಿದವನ್ನೂ ಒಂದೊಂದಾಗಿ ತೆಗೆದುಹಾಕಿದರು.

ಸಂಜೆ ಅತ್ತೆ ಮತ್ತೆ ಓದಲು ಕೂತರು, ಕೋಣೆಯ ಬಾಗಿಲು ಈ ಸಲ ಓರೆಯಾಗಿಯೇ ಇತ್ತು. ಕಂಪ್ಯೂಟರ್ ಎಲ್ಲೂ ನಿಲ್ಲಲಿಲ್ಲ. ಸೊಸೆ ಪಕ್ಕದ ಅಡುಗೆಮನೆಯಲ್ಲಿ ಉಪ್ಪಿನ ಚಮಚ ಎತ್ತಿದವಳು ಹಾಗೆಯೇ ಕಿವಿಗೊಟ್ಟಳು. ಆಚೆ ಹಾಳೆ ಮಗುಚಿದ ಸದ್ದು, ಕುರ್ಚಿಯ ಕಿರುಗುಟ್ಟು, ಒಂದು ದೀರ್ಘ ಉಸಿರು, ಅದರ ಬೆನ್ನಿಗೇ ಅತ್ತೆಯ ಧ್ವನಿ. ಅವಳು ಚಮಚದಲ್ಲಿದ್ದ ಉಪ್ಪಿನಲ್ಲಿ ಅರ್ಧವನ್ನು ಡಬ್ಬಿಗೆ ವಾಪಸ್ ಸುರಿದಳು.