ಕಿತ್ತುಹಾಕಿದ ಡ್ರೈವರ್

ಮೂರನೆಯ ಸಲವೂ ಅದೇ ಗೋಳು. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ದಡದಡನೆ ಓಡಿ ಗಕ್ಕನೆ ನಿಂತವು: ರೂಟ್ ಡಿಸ್ಕ್ ಸಿಗುತ್ತಿಲ್ಲ, ಕರ್ನಲ್ ಪ್ಯಾನಿಕ್. ಅದಕ್ಕೇನು ಬಂತು ಪ್ಯಾನಿಕ್? ಪ್ಯಾನಿಕ್ ಆಗಬೇಕಾದವನು ನಾನು.

ಸಂಜೆ ಲಾರಿ ಬರುತ್ತದೆ. ಅದರಲ್ಲಿ ಅಕ್ಕನ ಕಾರ್ಖಾನೆಯಿಂದ ಬಾಗಿಲುಗಳು ಹೊರಡದಿದ್ದರೆ ಆರ್ಡರ್ ಪಕ್ಕದ ಬೀದಿಯವನ ಪಾಲು. ಆಮೇಲೆ ಇಲ್ಲಿಗೆ ಯಾರೂ ಕೆಲಸ ಕೊಡುವುದಿಲ್ಲ. ಬಾಗಿಲ ಮೇಲೆ ಬಳ್ಳಿ ಕೊರೆಯುವ ಯಂತ್ರವನ್ನು ನಡೆಸುತ್ತಿದ್ದ ಹಳೆಯ ಕಂಪ್ಯೂಟರ್ ನಿನ್ನೆ ಸುಟ್ಟುಹೋಯಿತು. ಬಿಡಿಭಾಗ ತಂದು ಹೊಸದನ್ನು ನಾನೇ ಜೋಡಿಸಿದೆ. ಲಿನಕ್ಸ್ ಜೊತೆಗೇ ಬರುವ ಕರ್ನಲ್‌ನಲ್ಲಿ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶದಲ್ಲಿ, ಅದು ಏಳುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮೋಟಾರಿಗೆ ತಾಳ ತಪ್ಪಿ ಬಳ್ಳಿ ಸೊಟ್ಟಗಾಗುತ್ತದೆ. ತಾಳ ತಪ್ಪದ ಕರ್ನಲನ್ನು ನಾವೇ ಕಟ್ಟಿಕೊಳ್ಳಬೇಕು.

"ಏನು ಇಂಜಿನಿಯರ್ ಸಾಹೇಬ್ರೇ, ಡಬ್ಬ ಎದ್ದಿತಾ?" ಹಲಗೆಗಳ ಮೇಲೆ ಕೂತಿದ್ದ ಮೇಸ್ತ್ರಿ ಕೇಳಿದ.

"ಎದ್ದಾಗ ನಿಮ್ಮನ್ನೂ ಎಬ್ಬಿಸ್ತೀನಿ, ಮಲಗಿ."

"ಬಾಯಿಗೇನೂ ಕಮ್ಮಿ ಇಲ್ಲ. ಅದನ್ನೇ ಕಂಪ್ಯೂಟರಿಗೆ ಸಿಕ್ಕಿಸು, ಓಡುತ್ತೆ."

ಡಿಸ್ಕ್ ಮಾರಿದವನಿಗೆ ಫೋನ್ ಮಾಡಿ, ಡುಪ್ಲಿಕೇಟ್ ಮಾಲು ಕೊಟ್ಟಿದ್ದೀಯ ಎಂದು ಬಾಯಿಗೆ ಬಂದಂತೆ ಬೈದೆ.

"ಲಿನಕ್ಸ್ ಜೊತೆ ಬಂದ ಕರ್ನಲ್‌ನಲ್ಲಿ ಡಿಸ್ಕ್ ಕಾಣ್ಸುತ್ತಾ?"

"ಕಾಣ್ಸುತ್ತೆ."

"ಮತ್ತೆ ನನ್ನ ಮೇಲೆ ಯಾಕಪ್ಪಾ ಹಾರಾಡ್ತೀಯ?" ಫೋನ್ ಇಟ್ಟ.

ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಹೊಳೆಯಿತು. ಒಂದೊಂದು ಬಿಡಿಭಾಗವನ್ನೂ ಗುರುತಿಸಿ ನಡೆಸಲು ಕರ್ನಲ್‌ಗೆ ಒಂದೊಂದು ಡ್ರೈವರ್ ಬೇಕು; ಯಾವುದು ಬೇಕು, ಯಾವುದು ಬೇಡ ಎಂದು ಬರೆದಿಡುವ ಕಾನ್ಫಿಗ್ ಫೈಲನ್ನು ಹಳೆಯ ಕಂಪ್ಯೂಟರಿನ ಸುಡದೆ ಉಳಿದ ಡಿಸ್ಕಿನಿಂದಲೇ ತಂದಿದ್ದೆ. ಆ ಹೊತ್ತಿಗೆ ಬಳಕೆಯಲ್ಲಿರುವ ಡ್ರೈವರುಗಳನ್ನಷ್ಟೇ ಉಳಿಸಿ ಬಾಕಿಯದನ್ನೆಲ್ಲ ಕಿತ್ತುಹಾಕುವ ಆಜ್ಞೆಯೊಂದಿದೆ. ಹಿಂದೊಮ್ಮೆ ಅದನ್ನು ಅಲ್ಲಿ ಓಡಿಸಿ, ಕರ್ನಲ್ ಹೇಗೆ ಸಣ್ಣಗಾಯಿತು ನೋಡಿ ಎಂದು ಎಲ್ಲರೆದುರು ಮೀಸೆ ತಿರುವಿದ್ದೆ. ಆ ಕಂಪ್ಯೂಟರಿನ ಡಿಸ್ಕಿಗೆ ವೈರ್ ಇತ್ತು. ಹೊಸದರ ಡಿಸ್ಕ್ ಬೋರ್ಡಿಗೇ ಸಿಕ್ಕಿಸುವಂಥದ್ದು. ಅದರ ಡ್ರೈವರನ್ನು ಕಿತ್ತೆಸೆದ ಮಹಾನುಭಾವ ನಾನೇ.

ಜೊತೆಗೆ ಬಂದ ಕರ್ನಲ್‌ನಲ್ಲೇ ಕಂಪ್ಯೂಟರನ್ನು ಎಬ್ಬಿಸಿ, ಆ ಡ್ರೈವರನ್ನು ಸೇರಿಸಿ ಮತ್ತೆ ಕಟ್ಟಲು ಬಿಟ್ಟೆ. ಫ್ಯಾನ್ ಕಿರುಚುತ್ತಿತ್ತು, ಸಾಲುಗಳು ಆಮೆಯ ಹಾಗೆ ತೆವಳುತ್ತಿದ್ದವು. ಆಗಲೇ ಬಂದು ಹೊರಗೆ ನಿಂತಿದ್ದ ಲಾರಿಯ ಹಾರ್ನ್ ಮತ್ತೆ ಕೇಳಿಸಿತು.

"ಟೀ ಕುಡ್ಕೊಂಡು ಬಾರಪ್ಪ, ಅಷ್ಟರಲ್ಲಿ ಆಗ್ಬಿಡುತ್ತೆ." ಅಕ್ಕನ ದನಿ.

"ಎರಡು ಸಲ ಕುಡಿದಾಯ್ತು, ಅಕ್ಕಾವ್ರೇ. ಇನ್ನು ಕುಡಿದ್ರೆ ಹೊಟ್ಟೇಲಿ ಟೀ ಅಂಗಡಿ ಇಡಬೇಕಾಗುತ್ತೆ," ಅಂದ ಲಾರಿಯವನು.

ಕಟ್ಟುವುದು ಮುಗಿಯಿತು. ಬೂಟ್ ಮಾಡಿದೆ. ಡಿಸ್ಕ್ ಸಿಕ್ಕಿತು! ಲಾಗಿನ್ ಕೇಳಿತು. ಹೆಸರು ಟೈಪ್ ಮಾಡಿದೆ. ಒಂದಕ್ಷರವೂ ಮೂಡಲಿಲ್ಲ. ಮತ್ತೆ ಒತ್ತಿದೆ, ಗುದ್ದಿದೆ. ಹಳೆಯ ಕೀಬೋರ್ಡಿನದು ಗುಂಡು ಪಿನ್ನು, ಇದು ಯುಎಸ್‌ಬಿ. ಅದರ ಡ್ರೈವರನ್ನೂ ಕಿತ್ತುಹಾಕಿದ್ದೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಇನ್ನೆಷ್ಟು ಹೊತ್ತೋ?"

ಇನ್ನೇನು ಆಯಿತು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. "ಮತ್ತೆ ಕಟ್ಟಬೇಕು ಅಕ್ಕ. ಇವತ್ತು ಬಾಗಿಲು ಆಗಲ್ಲ."

ಅವಳು ಗೇಟಿನ ಕಡೆ ಹೋದಳು. ಏನು ಹೇಳಿದಳೋ, ಲಾರಿ ಖಾಲಿ ಬೆನ್ನನ್ನು ಗಡಗಡಿಸುತ್ತ ಹೊರಟಿತು. ಮೇಸ್ತ್ರಿ ಹಲಗೆಗಳ ಮೇಲಿಂದ ಎದ್ದು ಅಂಗಿಯ ಹೊಟ್ಟು ಕೊಡವಿಕೊಂಡ.

ಅಕ್ಕ ಒಳಗೆ ಬಂದು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತಳು.

"ಹೋಯ್ತು. ಇನ್ನು ಯಾರಿಗೂ ಅವಸರ ಇಲ್ಲ. ಸರಿಯಾಗಿ ಕಟ್ಟು."

ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಪರದೆ ಮಂಜಾಗಿ ಕಾಣುತ್ತಿತ್ತು. ಕೀಬೋರ್ಡನ್ನು ಅತ್ತ ಸರಿಸಿ, ಆರಿಸಿ ಮತ್ತೆ ಮೊದಲಿನಿಂದ ಕಟ್ಟಲೆಂದು ಪವರ್ ಬಟನ್ನನ್ನು ಒತ್ತಿ ಹಿಡಿದೆ.